ಹೆಂಗೈತೆ ಪಿಚ್ಚರು?

ಸಿನಿಮಾ ನೋಡಿ ಬಂದವರನ್ನು "ಹೆಂಗೈತೆ?" ಅಂತ ಕೇಳಿ. ಮಧುಗಿರಿಯಲ್ಲಾಗಲಿ ಪಾವಗಡದಲ್ಲಾಗಲಿ ಉತ್ತರಕ್ಕೆ ಕಾಯಬೇಕಾಗಿಲ್ಲ. "ಒಂದ್ಸಲ ನೋಡಬೋದು." "ಫಸ್ಟ್ ಹಾಫ್ ಸೂಪರು, ಇಂಟರ್‌ವಲ್ ಆದ್ಮೇಲೆ ಎಳ್ದವ್ರೆ." "ದುಡ್ಡು ದಂಡ." "ಮನೆಯವ್ರನ್ನ ಕರ್ಕೊಂಡು ಹೋಗಣ್ಣ, ಏನೂ ಮುಜುಗರ ಇಲ್ಲ."

ಎರಡೂವರೆ ಗಂಟೆಯ ಚಿತ್ರಕ್ಕೆ ನಾಲ್ಕೈದು ಮಾತಿನ ತೀರ್ಪು. ಇದನ್ನು ವಿಮರ್ಶೆ ಎಂದು ಒಪ್ಪಲು ಓದಿಕೊಂಡವರು ಹಿಂದೆಮುಂದೆ ನೋಡುತ್ತಾರೆ. ನನಗೆ ಆ ಅಳುಕಿಲ್ಲ. ಮನೆಯವರನ್ನು ಕರೆದುಕೊಂಡು ಹೋಗು ಎಂದವನ ಮಾತನ್ನೇ ತೆಗೆದುಕೊಳ್ಳಿ. ಕೇಳಿದವನ ಮನೆ ಅವನಿಗೆ ಗೊತ್ತು. ಅಲ್ಲಿ ವಯಸ್ಸಾದ ತಾಯಿ ಇದ್ದಾಳೆ, ಹೈಸ್ಕೂಲಿಗೆ ಹೋಗುವ ಮಗಳಿದ್ದಾಳೆ, ಎಲ್ಲರೂ ಕೂಡಿ ಹೊರಗೆ ಹೋಗುವುದೇ ಅಪರೂಪ. ಇದೆಲ್ಲವನ್ನೂ ಚಿತ್ರದ ಪಕ್ಕದಲ್ಲಿಟ್ಟು ತೂಗಿ ಆತ ಹೇಳಿದ್ದಾನೆ. ಪತ್ರಿಕೆಯಲ್ಲಿ ಅಚ್ಚಾಗುವ ಮೂರೂವರೆ ನಕ್ಷತ್ರಕ್ಕೆ ಆ ಮನೆ ಕಾಣುವುದಿಲ್ಲ. ತೀರ್ಪು ಚಿಕ್ಕದಾಗಿರುವುದು ದೋಷವಲ್ಲ. ನೋಡಿದವರು ಯಾರು, ಎಲ್ಲಿ ನಿಂತು ನೋಡಿದರು ಎನ್ನುವುದು ಅದರೊಳಗೆ ಉಳಿದಿರಬೇಕು. ನಾನು ಕೇಳುವುದು ಅಷ್ಟು.

ಈಚಿನ ವರ್ಷಗಳಲ್ಲಿ ಕಡಿಮೆಯಾಗುತ್ತಿರುವುದು ಅದೇ. ಹೆಂಗೈತೆ ಎಂದರೆ "ನೂರು ಕೋಟಿ ದಾಟ್ತಂತೆ" ಎನ್ನುವ ಉತ್ತರ ಬರುತ್ತದೆ. ಬೆಳಗಿನ ಆಟ ಮುಗಿಯುವ ಮೊದಲೇ ಮೊಬೈಲಿನ ಸ್ಟೇಟಸ್‌ನಲ್ಲಿ ಪರದೆಯ ಹದಿನೈದು ಸೆಕೆಂಡಿನ ತುಣುಕು, ಅದರ ಕೆಳಗೆ ಬೆಂಕಿಯ ಚಿಹ್ನೆ. ಬೆಂಗಳೂರಿನ ಚಿತ್ರಮಂದಿರದ ಬಾಗಿಲಲ್ಲಿ ಮೈಕು ಹಿಡಿದವನಿಗೆ ಯಾರೋ ಕೂಗಿ ಹೇಳಿದ ಮಾತು ಮಧ್ಯಾಹ್ನದ ಹೊತ್ತಿಗೆ ಕೊರಟಗೆರೆಯ ಕ್ಷೌರದಂಗಡಿಯಲ್ಲಿ ಕೇಳಿಸುತ್ತದೆ, ಚಿತ್ರ ನೋಡದವರ ಬಾಯಲ್ಲಿ. ಮಾರುಕಟ್ಟೆಯಲ್ಲಿ ಕಡಲೆಕಾಯಿಯ ತೂಕ, ದರ ಎರಡರಲ್ಲೂ ಒಂದು ರೂಪಾಯಿ ತಪ್ಪದಂತೆ ಲೆಕ್ಕ ಹಿಡಿಯುವ ರೈತನ ಮಗ, ತನಗೆ ಸಂಬಂಧವೇ ಇಲ್ಲದ ನಿರ್ಮಾಪಕನ ಗಳಿಕೆಯನ್ನು ತನ್ನ ಗೆಲುವಿನ ಹಾಗೆ ಹೇಳಿಕೊಳ್ಳುವಾಗ ನನಗೆ ನೋವಾಗುತ್ತದೆ. ಅವನು ಏನು ನೋಡಿದ, ಯಾವ ಜಾಗದಲ್ಲಿ ಮನಸ್ಸು ತಡೆದು ನಿಂತಿತು ಎನ್ನುವುದು ಅವನ ಸ್ವಂತ ಆಸ್ತಿ. ಅದನ್ನು ಬಿಟ್ಟುಕೊಟ್ಟು ಕೋಟಿಗಳ ಸುದ್ದಿಯನ್ನು ಇಟ್ಟುಕೊಂಡಿದ್ದಾನೆ.

ನೋಡುವ ಜಾಗ ಎಂದೆನಲ್ಲ, ಈ ಸೀಮೆಯಲ್ಲಿ ಅದಕ್ಕೆ ತೂಕವಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಶಾಲೆಗಳ ಲೆಕ್ಕದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಸಿನಿಮಾದ ಲೆಕ್ಕದಲ್ಲಿ ಒಂದೊಂದು ತಾಲ್ಲೂಕು ಒಂದೊಂದು ದಿಕ್ಕಿಗೆ ಮುಖ ಮಾಡಿದೆ. ಶಿರಾ ಪುಣೆ ಹೆದ್ದಾರಿಯ ಮೇಲಿದೆ, ಬೆಂಗಳೂರಿನ ಗಾಳಿ ಅಲ್ಲಿಗೆ ನೇರ ಬೀಸುತ್ತದೆ. ಕೊರಟಗೆರೆಯವರು ತುಮಕೂರಿಗೆ ಹೋಗಿ ನೋಡಿ ಬರುತ್ತಾರೆ. ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿ ಕಡೆಯವರಿಗೆ ಆಂಧ್ರದ ಹಿಂದೂಪುರ ಹತ್ತಿರ. ಪಾವಗಡಕ್ಕೆ ಮೂರು ಕಡೆ ಆಂಧ್ರ. ಮಧುಗಿರಿಯಿಂದ ಹೊರಟ ಬಸ್ಸು ನಡುವೆ ಒಂದಷ್ಟು ದೂರ ಆ ರಾಜ್ಯದ ನೆಲದ ಮೇಲೆಯೇ ಓಡಿ ಪಾವಗಡ ಸೇರುತ್ತದೆ. ಗಡಿಯಾಚೆ ಮಡಕಶಿರಾ ಸೀಮೆಯ ಅಮರಾಪುರ, ರೊಳ್ಳದಲ್ಲಿ ಕನ್ನಡದ ಮನೆಗಳು, ಈಚೆ ಪಾವಗಡದಲ್ಲಿ ತೆಲುಗಿನ ಮನೆಗಳು. ಹಿಂದೂಪುರ ಎನ್.ಟಿ. ರಾಮರಾವ್ ಅವರನ್ನು 1985ರಿಂದ ಮೂರು ಸಲ ಗೆಲ್ಲಿಸಿದ ಕ್ಷೇತ್ರ, 2014ರಿಂದ ಅವರ ಮಗ ಬಾಲಕೃಷ್ಣ ಅಲ್ಲಿನ ಶಾಸಕರು. ಅಲ್ಲಿ ಬಾಲಕೃಷ್ಣರ ಚಿತ್ರ ಬಿಡುಗಡೆಯಾದರೆ ಅದು ಸಿನಿಮಾವೂ ಹೌದು, ರಾಜಕೀಯವೂ ಹೌದು. ಪಟಾಕಿಯ ಸದ್ದು ಈಚೆಯ ಹಳ್ಳಿಗಳಿಗೂ ಮುಟ್ಟುತ್ತದೆ. ಇಂಥ ಜಾಗದಲ್ಲಿ ಕೂತು ನೋಡುವವರ ತೀರ್ಪು ಬೆಂಗಳೂರಿನದರ ನಕಲಾಗಬೇಕಾದ ಅಗತ್ಯವೇ ಇಲ್ಲ.

ಮೊದಲು ನಕಲಾಗಿರಲೂ ಇಲ್ಲ. ಟೂರಿಂಗ್ ಟಾಕೀಸಿನ ಕಾಲದಲ್ಲಿ ಪ್ರಿಂಟು ಊರೂರು ಸುತ್ತಿ ಬರುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತಿದ್ದವು. ಡೇರೆಯ ಒಳಗೆ ಗಾಂಧಿ ಕ್ಲಾಸಿನಲ್ಲಿ ನೆಲದ ಮೇಲೆ ಕೂತವರು ಚಿತ್ರವನ್ನು ತಮ್ಮದೇ ಅಳತೆಯಿಂದ ಅಳೆಯುತ್ತಿದ್ದರು. ಆ ಅಳತೆ ಮೂಡಲಪಾಯದ ಬಯಲಾಟ ನೋಡಿ ಬಂದದ್ದು: ಪಾತ್ರಧಾರಿ ಹೆಜ್ಜೆ ತಪ್ಪಿದರೆ ಬೆಳಗಾಗುವುದರೊಳಗೆ ಊರಿಗೆಲ್ಲ ಗೊತ್ತು. ಬರೆಯುವವರಲ್ಲೂ ಚಿಕ್ಕ ತೀರ್ಪಿನ ಒಳ್ಳೆಯ ರೂಢಿ ಇತ್ತು. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆಯಲ್ಲಿ ಒಂದು ಪ್ಯಾರಾದೊಳಗೆ ಚಿತ್ರವನ್ನು ಎತ್ತಿ ಹಿಡಿಯುವ, ಕೆಡವುವ ಬರಹ ಬರುತ್ತಿತ್ತು. ಬರೆದವರ ಇಷ್ಟಾನಿಷ್ಟ ಅದರಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತಿತ್ತು. ಈ ಸೀಮೆ ಬರೀ ನೋಡುವವರ ಸೀಮೆಯೂ ಅಲ್ಲ. 'ಒಂದು ಊರಿನ ಕಥೆ', 'ಬೆಂಕಿ' ಮಾಡಿದ ಬರಗೂರು ರಾಮಚಂದ್ರಪ್ಪ ಶಿರಾ ತಾಲ್ಲೂಕಿನ ಬರಗೂರಿನವರು. ಒಬ್ಬಳೇ ನಟಿಯನ್ನು ಇಟ್ಟುಕೊಂಡು 'ಶಾಂತಿ' ಎಂಬ ಪೂರ್ಣ ಚಿತ್ರ ತೆಗೆದ ಧೈರ್ಯ ಅವರದು.

ಈ ನೆಲದ ಮೇಲೆ ನಿಂತು ಈಚಿನ ಕೆಲವು ಚಿತ್ರ, ಸರಣಿಗಳ ಬಗ್ಗೆ ನನ್ನ ತೀರ್ಪನ್ನೂ ಹೇಳುತ್ತೇನೆ.

'ಕಾಟೇರ' 2023ರ ಡಿಸೆಂಬರ್ 29ರಂದು ಬಂತು. ತರುಣ್ ಸುಧೀರ್ ನಿರ್ದೇಶನ, ದರ್ಶನ್ ಕುಲುಮೆಯವನ ಪಾತ್ರದಲ್ಲಿ. ಗೇಣಿ ಕೊಟ್ಟು ಕೊಟ್ಟು ಬರಿಗೈಯಾದ ರೈತರು, ಧಣಿಗಳ ದರ್ಪ, ಉಳುವವನೇ ಹೊಲದೊಡೆಯ ಎಂಬ ಕಾನೂನು. ಮಾಸ್ ಹೀರೊ ಒಬ್ಬ ಭೂಸುಧಾರಣೆಯನ್ನು ಕಥೆಯಾಗಿ ಎತ್ತಿಕೊಂಡದ್ದೇ ದೊಡ್ಡ ಸಂಗತಿ, ಆ ಒಂದು ಕಾರಣಕ್ಕೆ ಚಿತ್ರವನ್ನು ಗೌರವಿಸುತ್ತೇನೆ. ಹೆಚ್ಚಿನ ವಿಮರ್ಶೆಗಳು ನಟನೆ, ಹೊಡೆದಾಟ, ಸಂಭಾಷಣೆಗಳನ್ನು ತೂಗಿ ಅಂಕ ಕೊಟ್ಟವು. ನನ್ನ ತಕರಾರು ಬೇರೆ ಕಡೆ ಇದೆ. ತಿದ್ದುಪಡಿಯಾದ ಕಾನೂನು 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಗೇಣಿದಾರನ ಹಣೆಬರಹ ಬದಲಿಸಿದ್ದು ಫಾರಂ 7 ಎಂಬ ಒಂದು ಅರ್ಜಿ. ಅದನ್ನು ತುಂಬಿ ಭೂ ನ್ಯಾಯ ಮಂಡಳಿಯ ಎದುರು ನಿಲ್ಲಬೇಕಿತ್ತು. ಓದು ಬಾರದವನು ಅರ್ಜಿ ಯಾರಿಂದ ಬರೆಸಬೇಕು? ಬರೆಸಿದರೆ ಧಣಿಯ ಮನೆಯಲ್ಲಿ ನಾಳೆಯ ಕೂಲಿ ಏನಾಗುತ್ತದೆ? ಸಾಕ್ಷಿಗೆ ಬರುತ್ತೇನೆಂದ ಪಕ್ಕದ ಹೊಲದವನು ಆ ದಿನ ಊರಲ್ಲಿ ಇರುತ್ತಾನೆಯೇ? ಎದೆ ಹೊಡೆದುಕೊಳ್ಳುವಂಥ ನಾಟಕ ನಡೆದದ್ದು ತಾಲ್ಲೂಕು ಕಚೇರಿಯ ಆ ಸಾಲಿನಲ್ಲಿ. ಚಿತ್ರದಲ್ಲಿ ಲೆಕ್ಕ ತೀರುವುದು ಮಚ್ಚಿನ ಬಾಯಲ್ಲಿ. ಊರಿಗೆ ಊರೇ ಪಟ್ಟ ಪಾಡನ್ನು ಒಬ್ಬ ನಾಯಕನ ತೋಳಿಗೆ ಕಟ್ಟಿದಾಗ, ಅರ್ಜಿ ಹಿಡಿದು ನಿಂತ ಸಾವಿರಾರು ಹೆದರಿದ ಜನರ ಧೈರ್ಯ ಪರದೆಯಿಂದ ಕೆಳಗಿಳಿಯುತ್ತದೆ.

ಇದನ್ನು ಪಾವಗಡದಲ್ಲಿ ನೋಡಿದರೆ ಇನ್ನೊಂದು ಮಾತು ಹುಟ್ಟುತ್ತದೆ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಊರುಗಳ ಸುಮಾರು 13,000 ಎಕರೆಯಲ್ಲಿ ಈಗ ಬೆಳೆಗೆ ಬದಲು ಸೋಲಾರ್ ಫಲಕಗಳಿವೆ. 2,050 ಮೆಗಾವಾಟ್ ವಿದ್ಯುತ್ತಿನ ಪಾರ್ಕು. ಜಮೀನು ಮಾರಿದ್ದಲ್ಲ, ಗುತ್ತಿಗೆಗೆ ಕೊಟ್ಟದ್ದು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಸೋತವರಿಗೆ ಈ ದುಡ್ಡು ಆಸರೆಯಾಗಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಪಹಣಿಯಲ್ಲಿ ಹೆಸರಿಲ್ಲದೆ ಆ ಹೊಲಗಳಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಬದುಕಿದ್ದ ಕೂಲಿಯವರಿಗೆ ಬಾಡಿಗೆ ಬರುವುದಿಲ್ಲ, ಕೆಲಸವೂ ಹೋಯಿತು. ಉಳುವವನು ಯಾರು, ಒಡೆಯ ಯಾರು ಎಂಬ ಪ್ರಶ್ನೆಗೆ 1974 ಕೊನೆಯ ಉತ್ತರ ಅಲ್ಲವೆಂದು ಈ ಊರುಗಳಲ್ಲಿ ಬದುಕುವವರಿಗೆ ಗೊತ್ತು. ತಿರುಮಣಿಯ ಕೂಲಿಯ ಹೆಂಗಸೊಬ್ಬಳು 'ಕಾಟೇರ' ನೋಡಿ "ಈಗ್ಲೂ ಭೂಮಿ ಇಲ್ದವರ ಪಾಡು ಹಂಗೇ ಐತೆ" ಎಂದರೆ, ಅದು ಆ ಚಿತ್ರದ ಬಗ್ಗೆ ಬರೆದ ಉದ್ದುದ್ದ ಲೇಖನಗಳಿಗಿಂತ ಹೆಚ್ಚು ಬೆಲೆಯ ವಿಮರ್ಶೆ.

'ಸು ಫ್ರಮ್ ಸೋ' ನಮ್ಮ ಕಡೆಗೆ ಬಂದದ್ದೇ ಬಾಯಿಮಾತಿನ ಬಲದಿಂದ. 2025ರ ಜುಲೈ 25ರಂದು ಬಿಡುಗಡೆಯಾದಾಗ ಅದರಲ್ಲಿ ದೊಡ್ಡ ತಾರೆ ಇರಲಿಲ್ಲ, ನಿರ್ದೇಶಕ ಜೆ.ಪಿ. ತುಮಿನಾಡು ಹೊಸಬರು, ಆಡುವ ಕನ್ನಡ ಕರಾವಳಿಯದು. ತುಮಕೂರು ಸೀಮೆಯ ಕಿವಿಗೆ ಮೊದಲ ಹತ್ತು ನಿಮಿಷ ಆ ಮಾತಿನ ಓಟ ಹಿಡಿಯುವುದೇ ಕಷ್ಟ. ಆಮೇಲೆ ರವಿಯಣ್ಣ ಸಿಗುತ್ತಾನೆ. ಊರಿನ ಎಲ್ಲ ಗೋಳಿಗೂ ಮುಂದಾಳಾಗುವ, ತನಗೆ ಗೊತ್ತಿಲ್ಲದ್ದನ್ನೂ ಗೊತ್ತೆಂದೇ ನಡೆಸುವ ಈ ಮನುಷ್ಯ ನಮ್ಮಲ್ಲೂ ಊರಿಗೊಬ್ಬ ಇದ್ದಾನೆ. ಅವನು ಸಿಕ್ಕಮೇಲೆ ಭಾಷೆ ಅಡ್ಡ ಬರುವುದಿಲ್ಲ. ಮೈಮೇಲೆ ಬರುವುದು, ಗಾಳಿ ಸೋಕುವುದು, ಅದಕ್ಕೊಬ್ಬ ಗುರೂಜಿಯನ್ನು ಕರೆಸುವುದು ನಮ್ಮವರಿಗೂ ಹೊಸದಲ್ಲ. ಈಚಿನ ಕನ್ನಡ ಚಿತ್ರಗಳಲ್ಲಿ ಮನಸಾರೆ ನಗಿಸಿದ ಚಿತ್ರ ಇದು. ನಗಿಸುತ್ತ ನಗಿಸುತ್ತ ದೆವ್ವವಾಗಿ ಬಂದಿದ್ದಾಳೆಂದು ಊರು ನಂಬುವ ಸುಲೋಚನಾಳ ಮಗಳು ಭಾನುವಿನ ಸಂಕಟಕ್ಕೆ ತಂದು ನಿಲ್ಲಿಸುತ್ತದೆ. ಊರಿನವರ ದೆವ್ವದ ಭಯವನ್ನೇ ಒಬ್ಬ ಅಸಹಾಯಕ ಹೆಣ್ಣಿನ ರಕ್ಷಣೆಗೆ ಬಳಸುವ ತಿರುವು ಚಿತ್ರದ ನಿಜವಾದ ಜಾಣ್ಮೆ. ಆದರೆ ಕಥೆ ಶುರುವಾಗುವುದು ಊರಿನ ಯುವಕ ಅಶೋಕ ಹೆಣ್ಣೊಬ್ಬಳನ್ನು ಇಣುಕಿ ನೋಡಲು ಹೋಗಿ ಸಿಕ್ಕಿಬಿದ್ದು, ತಪ್ಪಿಸಿಕೊಳ್ಳಲು ದೆವ್ವ ಹಿಡಿದವನಂತೆ ಆಡುವುದರಿಂದ. ಹೆಣ್ಣಿಗಾದ ಆ ಮೊದಲ ಅನ್ಯಾಯವನ್ನು ಚಿತ್ರ ನಗುವಿನಲ್ಲೇ ಬಿಟ್ಟು ಮುಂದೆ ಹೋಗುತ್ತದೆ. ಕೊನೆಗೆ ಹೆಣ್ಣಿನ ಪರ ನಿಲ್ಲುವ ಚಿತ್ರಕ್ಕೆ ಆ ಸಾಲ ತೀರಿಸುವ ಜವಾಬ್ದಾರಿ ಇತ್ತು. "ಬೋ ನಗು ಬರ್ತದೆ" ಎಂದು ಹೇಳಿದವರು ಸರಿಯಾಗಿಯೇ ಹೇಳಿದ್ದಾರೆ. ನನ್ನ ತೀರ್ಪೂ ಅದೇ, ಜೊತೆಗೆ ಈ ಒಂದು ಬಾಕಿ.

'ಕಾಂತಾರ' 2022ರ ಸೆಪ್ಟೆಂಬರ್ 30ರಂದು ಮೊದಲು ಕನ್ನಡದಲ್ಲಿ ಮಾತ್ರ ಬಂತು. ಹಿಂದಿಗೆ ಡಬ್ ಆದದ್ದು ಎರಡು ವಾರದ ನಂತರ, ಕನ್ನಡದ ಊರುಗಳ ಬಾಯಿಮಾತು ಗಟ್ಟಿಯಾದ ಮೇಲೆ. ಊರಿನ ತೀರ್ಪು ದೇಶಕ್ಕೆ ದಾರಿ ತೋರಿಸಿದ ದಿನಗಳವು. 2025ರ ಅಕ್ಟೋಬರ್ 2ರ 'ಕಾಂತಾರ ಚಾಪ್ಟರ್ 1' ಬರುವಾಗ ಆ ಕ್ರಮ ತಲೆಕೆಳಗಾಗಿತ್ತು: ದೇಶವೆಲ್ಲ ಮೊದಲೇ ಗೆದ್ದಿತೆಂದು ಹೇಳಿಯಾಗಿತ್ತು, ಊರು ಬಂದು ಹೂಂ ಅನ್ನಬೇಕಿತ್ತು. ದೃಶ್ಯವೈಭವದಲ್ಲಿ ಇದಕ್ಕೆ ಸಾಟಿಯಾದ ಕನ್ನಡ ಚಿತ್ರ ನಾನು ನೋಡಿಲ್ಲ. ಕನಕವತಿಯಾಗಿ ರುಕ್ಮಿಣಿ ವಸಂತ್ ಕಣ್ಣಿನಲ್ಲೇ ಪಾತ್ರವನ್ನು ತಿರುಗಿಸುವುದನ್ನು ನೋಡಲೇಬೇಕು. ಆದರೂ ಮೊದಲ ಚಿತ್ರದ ಕಂಬಳದ ಕೆಸರು, ಸೋಮಾರಿ ಶಿವ, ಅವನಮ್ಮನ ಬೈಗುಳ ನನಗೆ ಹೆಚ್ಚು ಆಪ್ತ. ಯುದ್ಧಗಳು ದೊಡ್ಡದಾದಷ್ಟೂ ಮನುಷ್ಯರು ಚಿಕ್ಕವರಾಗಿದ್ದಾರೆ.

ತೆಲುಗಿನ 'ಪುಷ್ಪ 2' ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ಗಂಟೆ ಇಪ್ಪತ್ತು ನಿಮಿಷದಲ್ಲಿ ಗಂಗಮ್ಮನ ಜಾತ್ರೆಯ ಭಾಗ ಒಂದಕ್ಕೇ ಟಿಕೆಟ್ಟಿನ ಬೆಲೆ ಸಂದಿತು. ಸೀರೆಯುಟ್ಟು ಮೈಯೆಲ್ಲ ಬಣ್ಣ ಬಳಿದುಕೊಂಡ ಅಲ್ಲು ಅರ್ಜುನ್ ಅಲ್ಲಿ ತಾರೆಯಾಗಿ ಉಳಿದಿಲ್ಲ. ಮಿಕ್ಕದ್ದು ಠೀವಿ. ಚಿತ್ತೂರು ಕಡೆಯ ಆ ಮಾತಿನ ಧಾಟಿಯಲ್ಲಿ ಎಲ್ಲಿ ಹದ ತಪ್ಪಿದೆ ಎಂದು ನಾಡಿನ ಬೇರೆ ಊರಿನ ಕನ್ನಡಿಗರಿಗಿಂತ ಪಾವಗಡದವರು ಚೆನ್ನಾಗಿ ಹೇಳಬಲ್ಲರು.

ಅದಕ್ಕಿಂತ ನಾನು 'ಬಲಗಂ' ಬಗ್ಗೆ ಹೇಳಬೇಕು. 2023ರ ಮಾರ್ಚ್‌ನಲ್ಲಿ ಬಂದ ಈ ಸಣ್ಣ ಚಿತ್ರವನ್ನು ವೇಣು ಯೆಲ್ದಂಡಿ ತೆಲಂಗಾಣದ ಹಳ್ಳಿಯೊಂದರಲ್ಲಿ ಕಟ್ಟಿದ್ದಾರೆ. ಅಜ್ಜ ಕೊಮುರಯ್ಯ ತೀರಿಕೊಂಡಿದ್ದಾನೆ, ಇಟ್ಟ ಎಡೆಯನ್ನು ಕಾಗೆ ಮುಟ್ಟುತ್ತಿಲ್ಲ. ಮನೆಯೊಳಗೆ ಹಳೆಯ ಮುನಿಸು ಇದೆ. ಇಪ್ಪತ್ತು ವರ್ಷಗಳ ಹಿಂದೆ ಊಟದ ಪಂಕ್ತಿಯಲ್ಲಿ ಅಳಿಯನ ಎಲೆಗೆ ನಲ್ಲಿ ಮೂಳೆ ಬೀಳಲಿಲ್ಲ, ಅಂದಿನಿಂದ ಎರಡು ಮನೆಗಳಿಗೆ ಮಾತಿಲ್ಲ. ಮಾಂಸದೂಟದ ಪಂಕ್ತಿಯಲ್ಲಿ ಮರ್ಯಾದೆಯ ತುಂಡು ಯಾರಿಗೆ ಎಂಬುದು ಎಷ್ಟು ದೊಡ್ಡ ವಿಚಾರವೆಂದು ನಮ್ಮ ಕಡೆ ಹರಕೆಯ ಊಟಕ್ಕೆ ಕೂತವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತೆಲಂಗಾಣದ ಹಳ್ಳಿಹಳ್ಳಿಗಳಲ್ಲಿ ಈ ಚಿತ್ರವನ್ನು ಬಯಲಲ್ಲಿ ಪರದೆ ಕಟ್ಟಿ ತೋರಿಸಿದರು, ನೋಡಿದವರು ಬಿಕ್ಕಿ ಬಿಕ್ಕಿ ಅತ್ತರು. "ನಮ್ಮನೆ ಕಥೆನೇ" ಎನ್ನುವ ಮಾತಿಗಿಂತ ಹಿರಿದಾದ ಪ್ರಶಸ್ತಿ ಇಂಥ ಚಿತ್ರಕ್ಕಿಲ್ಲ.

ಆದರೂ ತಕ್ಕಡಿಯಲ್ಲಿಟ್ಟರೆ ನಾನು ರಾಮ್ ರೆಡ್ಡಿಯವರ 'ತಿಥಿ'ಯನ್ನೇ ಮೇಲೆ ಇಡುತ್ತೇನೆ. ಅಲ್ಲಿಯೂ ಮುದುಕನ ಸಾವು, ಹನ್ನೊಂದು ದಿನದ ಕರ್ಮ, ಆಸ್ತಿ. ಮಂಡ್ಯದ ನೊದೆಕೊಪ್ಪಲಿನ ಜನರೇ ನಟರು. ಸೆಂಚುರಿ ಗೌಡನ ಮಗ ಗಡ್ಡಪ್ಪನಿಗೆ ಆಸ್ತಿಯೂ ಬೇಡ, ತಿಥಿಯೂ ಬೇಡ. ಬೀಡಿ ಸೇದುತ್ತ, ಬಾಟಲಿ ಹಿಡಿದು ದಾರಿಗುಂಟ ನಡೆದುಬಿಡುತ್ತಾನೆ. 'ಬಲಗಂ' ಕೊನೆಯಲ್ಲಿ ಎಲ್ಲರನ್ನೂ ಒಂದುಗೂಡಿಸಿ ಕಣ್ಣೊರೆಸುತ್ತದೆ. 'ತಿಥಿ' ಯಾರನ್ನೂ ಒಂದುಗೂಡಿಸುವುದಿಲ್ಲ. ಮನೆಗಳು ಹೇಗಿವೆಯೋ ಹಾಗೆ ಬಿಡುತ್ತದೆ. ಅತ್ತು ಹಗುರಾಗುವುದು ಬೇಕೋ, ಹಗುರಾಗದೆ ಮನೆಗೆ ಬರುವುದು ಬೇಕೋ ಎನ್ನುವುದು ನೋಡುವವರಿಗೆ ಬಿಟ್ಟದ್ದು. ನನಗೆ ಎರಡನೆಯದು ಹೆಚ್ಚು ದಿನ ಉಳಿಯಿತು.

ಸರಣಿಗಳ ಮಾತು ಬಂದರೆ ಕನ್ನಡದವರ ಪಾಲು ಬಡವಾಗಿದೆ. ಹಿಂದಿಯ 'ಪಂಚಾಯತ್' ತಮಿಳಿನಲ್ಲೂ ತೆಲುಗಿನಲ್ಲೂ ಹೊಸದಾಗಿ ತಯಾರಾಯಿತು, ಕನ್ನಡದಲ್ಲಿ ಆಗಲಿಲ್ಲ. ರಕ್ಷಿತ್ ಶೆಟ್ಟಿ ನಿರ್ಮಾಣದ 'ಏಕಂ' 2024ರ ಜುಲೈನಲ್ಲಿ ತನ್ನದೇ ಜಾಲತಾಣ ತೆರೆದುಕೊಂಡು ಜನರ ಮುಂದೆ ಬರಬೇಕಾಯಿತು. 'ಪಂಚಾಯತ್' ನನಗೆ ಬಹಳ ಇಷ್ಟವಾದ ಸರಣಿ, ಮುಖ್ಯವಾಗಿ ಮೊದಲ ಎರಡು ಸೀಸನ್‌ಗಳು. ಪಂಚಾಯಿತಿ ಚುನಾವಣೆ ಗೆದ್ದವಳು ಮಂಜುದೇವಿ, ಅಧಿಕಾರ ನಡೆಸುವವನು ಅವಳ ಗಂಡ. ಮೊದಲ ಸೀಸನ್ನಿನ ಕೊನೆಗೆ ಆಕೆ ರಾಷ್ಟ್ರಗೀತೆ ಕಲಿತು ಗಣರಾಜ್ಯೋತ್ಸವಕ್ಕೆ ತಾನೇ ಧ್ವಜ ಹಾರಿಸುವ ಭಾಗದಲ್ಲಿ ನೀನಾ ಗುಪ್ತಾ ಅವರ ದನಿಯ ನಡುಕವನ್ನು ಗಮನಿಸಿ. ಗ್ರಾಮ ಪಂಚಾಯಿತಿಯ ಅರ್ಧದಷ್ಟು ಸ್ಥಾನ ಹೆಂಗಸರಿಗಿರುವ ಕರ್ನಾಟಕದಲ್ಲಿ, "ಅಧ್ಯಕ್ಷರ ಯಜಮಾನ್ರು" ಸಭೆಯಲ್ಲಿ ಕೂರುವುದನ್ನು ಕಂಡಿರುವ ನಮ್ಮಲ್ಲಿ, ಅದು ದೂರದ ಉತ್ತರ ಪ್ರದೇಶದ ಕಥೆ ಅನ್ನಿಸುವುದಿಲ್ಲ. 2025ರ ಜೂನ್‌ನಲ್ಲಿ ಬಂದ ನಾಲ್ಕನೆಯ ಸೀಸನ್ ಚುನಾವಣೆಯ ಕಿತ್ತಾಟದಲ್ಲೇ ಸುತ್ತಿ ಸುಸ್ತಾಗಿದೆ. ಅದನ್ನು ಬಿಟ್ಟರೂ ನಷ್ಟವಿಲ್ಲ.

ಎಲ್ಲರಿಗೂ, ಅದರಲ್ಲೂ ಹೈಸ್ಕೂಲಿನ ಮೇಷ್ಟ್ರು ಮೇಡಂಗಳಿಗೆ ನೋಡಿ ಎಂದು ಒತ್ತಾಯಿಸುವುದು 'ಅಡೋಲೆಸೆನ್ಸ್' ಅನ್ನು. 2025ರ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಇಂಗ್ಲೆಂಡಿನ ಸರಣಿ, ನಾಲ್ಕೇ ಕಂತು, ಒಂದೊಂದು ಕಂತೂ ಎಲ್ಲಿಯೂ ಕತ್ತರಿಸದೆ ಒಂದೇ ಓಟದಲ್ಲಿ ಚಿತ್ರೀಕರಿಸಿದ್ದು. ಹದಿಮೂರು ವರ್ಷದ ಜೇಮಿ ತನ್ನ ಶಾಲೆಯ ಹುಡುಗಿಯನ್ನು ಕೊಂದ ಆರೋಪದಲ್ಲಿ ಪೊಲೀಸರ ಕೈಯಲ್ಲಿದ್ದಾನೆ. ಮೂರನೆಯ ಕಂತು ಬಹುಪಾಲು ಒಂದು ಕೋಣೆ, ಒಂದು ಮೇಜು, ಇಬ್ಬರೇ ಜನ. ಮನಶ್ಶಾಸ್ತ್ರಜ್ಞೆ ಹುಡುಗನಿಗೆ ಅರ್ಧ ಸ್ಯಾಂಡ್‌ವಿಚ್ ಕೊಡುತ್ತಾಳೆ. ಅದರೊಳಗಿನ ಉಪ್ಪಿನಕಾಯಿ ತನಗೆ ಇಷ್ಟವಿಲ್ಲ ಎನ್ನುತ್ತಾನೆ, ಆಮೇಲೆ ಒಂದು ತುತ್ತು ಕಚ್ಚುತ್ತಾನೆ. ಮಗುವಿನ ಹಾಗೆ ಮಾತಾಡುತ್ತಿದ್ದವನು ಎದ್ದು ನಿಂತು ಗದರಿದಾಗ ಅವಳ ಮುಖದಲ್ಲಿ ಭಯ ಹಾದುಹೋಗುತ್ತದೆ. ಅವನನ್ನು ಹೊರಗೆ ಕರೆದೊಯ್ದ ಮೇಲೆ ಆ ಕಚ್ಚಿದ ತುಂಡನ್ನು ಎತ್ತಲು ಹೋಗಿ ಅವಳ ಕೈ ಹಿಂದೆ ಸರಿಯುತ್ತದೆ. ಕೊಲೆಯ ಬಗ್ಗೆ ಒಂದು ಮಾತಿಲ್ಲದೆ ಕೊಲೆಯ ಭಾರವನ್ನೆಲ್ಲ ಹೊತ್ತ ಕ್ಷಣ ಅದು. ಓವನ್ ಕೂಪರ್ ಎಂಬ ಹುಡುಗನಿಗೆ ಇದು ಮೊದಲ ನಟನೆ ಎಂದರೆ ನಂಬಲಾಗುವುದಿಲ್ಲ.

ಎರಡನೆಯ ಕಂತಿನಲ್ಲಿ ತನಿಖೆ ಮಾಡುವ ಪೊಲೀಸ್ ಅಧಿಕಾರಿ ಶಾಲೆಗೆ ಬರುತ್ತಾನೆ. ಮಕ್ಕಳು ಮೊಬೈಲಿನಲ್ಲಿ ಒಬ್ಬರಿಗೊಬ್ಬರು ಹಾಕಿಕೊಂಡ ಚಿಹ್ನೆಗಳ ಅರ್ಥ ಅವನಿಗೆ ತಿಳಿದಿಲ್ಲ. ಅದೇ ಶಾಲೆಯಲ್ಲಿ ಓದುವ ಅವನ ಮಗ ಅಪ್ಪನನ್ನು ಪಕ್ಕಕ್ಕೆ ಕರೆದು ವಿವರಿಸಬೇಕಾಗುತ್ತದೆ. ನಮ್ಮ ಮನೆಗಳಲ್ಲೂ ಅಪ್ಪನಿಗೆ ಗೊತ್ತಿರುವುದು ಮಗ ಮೊಬೈಲು ನೋಡುತ್ತಾನೆ ಎನ್ನುವುದಷ್ಟೇ, ಒಳಗೆ ಏನಿದೆ ಎನ್ನುವುದಲ್ಲ. "ಬೋ ಸ್ಲೋ ಸಾರ್" ಎಂದು ಇದನ್ನು ಅರ್ಧಕ್ಕೆ ಬಿಟ್ಟವರು ಇದ್ದಾರೆ. ಆ ತೀರ್ಪನ್ನು ನಾನು ಒಪ್ಪುವುದಿಲ್ಲ, ದಯವಿಟ್ಟು ಮೂರನೆಯ ಕಂತಿನವರೆಗಾದರೂ ಕೂರಿ.

ಮೊಬೈಲು, ಚಿತ್ರಮಂದಿರ ಎರಡರ ಗೊಡವೆಯೂ ಇಲ್ಲದೆ ದಿನವೂ ತೀರ್ಪು ಕೊಡುವವರು ಧಾರಾವಾಹಿ ನೋಡುವ ಹೆಂಗಸರು. ಬಿತ್ತನೆಗೆ ಮುಂಚೆ ಜಗುಲಿಯಲ್ಲಿ ಕೂತು ಕಡಲೆಬೀಜ ಸುಲಿಯುವಾಗ ಹಿಂದಿನ ರಾತ್ರಿಯ ಕಂತಿನ ವಿಚಾರಣೆ ನಡೆಯುತ್ತದೆ. ಅದನ್ನು ಯಾರೂ ಬರೆದಿಡುವುದಿಲ್ಲ, ಬರೆದಿಟ್ಟರೆ ಕನ್ನಡದ ಅತ್ಯಂತ ತಾಳ್ಮೆಯ ವಿಮರ್ಶೆ ಅದೇ ಆದೀತು. 2021ರ ಡಿಸೆಂಬರ್‌ನಲ್ಲಿ ಶುರುವಾದ 'ಪುಟ್ಟಕ್ಕನ ಮಕ್ಕಳು' ತುಮಕೂರು ಜಿಲ್ಲೆಗೆ ಹತ್ತಿರದ್ದಾಯಿತು. ಪುಟ್ಟಕ್ಕನಾದ ಉಮಾಶ್ರೀ ತಿಪಟೂರು ತಾಲ್ಲೂಕಿನ ನೊಣವಿನಕೆರೆಯವರು. ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಬೆಳೆಸುವ ಹೆಂಗಸಿನ ಕಥೆ, ಅವರಲ್ಲಿ ಸ್ನೇಹಾ ಓದಿ ಜಿಲ್ಲಾಧಿಕಾರಿಯಾಗುತ್ತಾಳೆ. ಆ ಪಾತ್ರದ ನಟಿ ಹೊರನಡೆದಾಗ 2024ರಲ್ಲಿ ಸ್ನೇಹಾಳನ್ನು ಸಾಯಿಸಲಾಯಿತು. ನಟಿ ಬದಲಾದರೆ ಒಪ್ಪಿಕೊಳ್ಳುತ್ತಿದ್ದ ಪ್ರೇಕ್ಷಕಿಯರೇ ಇವರು. ಹಳ್ಳಿಯ ಹುಡುಗಿ ಡಿ.ಸಿ. ಆಗುವುದನ್ನು ವರ್ಷಗಟ್ಟಲೆ ಕಾದು ನೋಡಿದ ಮನೆಗಳಿಗೆ ಅವಳ ಚಿತೆ ತೋರಿಸಿದ್ದು ಬರವಣಿಗೆಯ ಕ್ರೌರ್ಯ. 'ಅಮೃತಧಾರೆ' ಇಷ್ಟವಾದದ್ದು ವಯಸ್ಸು ಮೀರಿ ಮದುವೆಯಾದ ಇಬ್ಬರ ಮಾತುಕತೆಗೆ ಸಮಯ ಕೊಟ್ಟದ್ದಕ್ಕೆ. ರಾಜೇಶ್ ನಟರಂಗ, ಛಾಯಾ ಸಿಂಗ್ ಸುಮ್ಮನೆ ಕೂತಿರುವಾಗಲೂ ನೋಡಬಹುದು. ಸಂಚಿನ ಸಂಗೀತ ಶುರುವಾದರೆ ನಾನು ಎದ್ದುಬಿಡುತ್ತೇನೆ.

ಈ ನಡುವೆ ತೀರ್ಪಿನ ಬಾಯಿ ಕಟ್ಟುವ ಕೆಲಸವೂ ನಡೆದಿದೆ. 2025ರ ಡಿಸೆಂಬರ್‌ನಲ್ಲಿ 'ದಿ ಡೆವಿಲ್' ಚಿತ್ರ ಬಂದಾಗ ನ್ಯಾಯಾಲಯದ ಆದೇಶದಂತೆ ಟಿಕೆಟ್ ಮಾರುವ ಬುಕ್‌ಮೈಶೋದಲ್ಲಿ ಅದಕ್ಕೆ ಅಂಕ, ಅಭಿಪ್ರಾಯ ಹಾಕದಂತೆ ಮುಚ್ಚಲಾಯಿತು. ಹೊಸ ಚಿತ್ರಗಳಿಗೆ ಮೂರು ದಿನ ವಿಮರ್ಶೆಯೇ ಬೇಡವೆಂದು ತಮಿಳು ನಿರ್ಮಾಪಕರು 2024ರಲ್ಲಿ ಮದ್ರಾಸ್ ಹೈಕೋರ್ಟಿಗೆ ಹೋದರು, ಕೋರ್ಟು ಅಂಥ ತಡೆ ಕೊಡಲಿಲ್ಲ. ದುಡ್ಡು ಕೊಟ್ಟು ಹೊಗಳಿಸುವುದು, ದುಡ್ಡು ಕೊಟ್ಟು ತೆಗಳಿಸುವುದು ಎರಡೂ ಇವೆ, ನಿರ್ಮಾಪಕರ ಸಂಕಟ ಸುಳ್ಳಲ್ಲ. ಆದರೆ ಸುಳ್ಳು ಅಂಕಕ್ಕೆ ಮದ್ದು ಎಲ್ಲರ ಬಾಯಿ ಮುಚ್ಚುವುದಲ್ಲ. ಕಾರಣ ಸಮೇತ ಹೇಳಿದ ತೀರ್ಪನ್ನು ಯಾರೂ ಸಾವಿರಗಟ್ಟಲೆ ಕೊಂಡು ತರಲಾರರು: ಇಂಥ ದೃಶ್ಯದಲ್ಲಿ ಇಂಥದು ಸರಿ ಬರಲಿಲ್ಲ, ಯಾಕೆಂದರೆ ನಮ್ಮೂರಲ್ಲಿ ಅದು ಹೀಗಿದೆ ಎನ್ನುವ ಮಾತನ್ನು ನೋಡಿದವರೇ ಆಡಬೇಕು.

ಆ ಕಾರಣಕ್ಕೇ ಉತ್ಸವ್ ಗೋನವಾರರ 'ಫೋಟೋ' ಈ ನಾಲ್ಕು ತಾಲ್ಲೂಕುಗಳ ತೀರ್ಪಿಗೆ ಬರಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. 2024ರ ಮಾರ್ಚ್ 15ರಂದು ಬಿಡುಗಡೆಯಾದ ಚಿತ್ರ. ರಾಯಚೂರು ಸೀಮೆಯ ಹುಡುಗ ದುರ್ಗ್ಯಾನಿಗೆ ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳುವ ಆಸೆ. ಕೂಲಿಗೆ ಬೆಂಗಳೂರು ಸೇರಿದ ಅಪ್ಪನ ಹತ್ತಿರ ಬರುತ್ತಾನೆ, ಲಾಕ್‌ಡೌನ್ ಬೀಳುತ್ತದೆ, ಅಪ್ಪ ಮಗ ಊರಿನ ಕಡೆ ನಡೆಯತೊಡಗುತ್ತಾರೆ. ಅಪ್ಪನ ಪಾತ್ರದ ಮಹಾದೇವ ಹಡಪದ ಅವರ ನಡಿಗೆಯಲ್ಲಿ ದಿನದಿನಕ್ಕೂ ಇಳಿಯುವ ಕಸುವು ಕಾಣುತ್ತದೆ. ಹುಡುಗನ ಆಸೆಯನ್ನು ಇಷ್ಟು ಚಿಕ್ಕದಾಗಿ ಇಟ್ಟದ್ದೇ ಚಿತ್ರದ ಶಕ್ತಿ: ಆಡಳಿತದ ಕಟ್ಟಡದ ಎದುರು ಒಂದು ಕ್ಷಣ ನಿಲ್ಲುವುದು, ಅಷ್ಟೇ. ನಡುವೆ ಕೆಲವು ಕಡೆ ಸಂಗೀತ ನಮ್ಮ ಪರವಾಗಿ ತಾನೇ ಅಳುತ್ತದೆ, ಅದು ಬೇಕಿರಲಿಲ್ಲ. ಇದನ್ನು ಬಿಟ್ಟರೆ ಈ ದಶಕದ ಕನ್ನಡ ಚಿತ್ರಗಳಲ್ಲಿ ನನ್ನ ಮೊದಲ ಆಯ್ಕೆ ಇದೇ. ಇಂಥ ಚಿತ್ರ ತಾಲ್ಲೂಕು ಕೇಂದ್ರದ ಪರದೆಯಲ್ಲಿ ನಿಲ್ಲುವುದು ಅಪರೂಪ. ಪಾವಗಡದಿಂದ, ಮಧುಗಿರಿಯಿಂದ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೋಗಿ, 2020ರಲ್ಲಿ ಹೇಗೋ ಊರು ಮುಟ್ಟಿದವರು ಇಲ್ಲಿದ್ದಾರೆ. ಆ ನಡಿಗೆ ನಿಜವಾಗಿ ಬಂದಿದೆಯೇ ಇಲ್ಲವೇ ಎಂದು ಹೇಳಲು ಅವರಿಗಿಂತ ಯೋಗ್ಯರು ಬೇರೆ ಯಾರಿದ್ದಾರೆ? ತೆಲಂಗಾಣದ ಹಳ್ಳಿಗಳು 'ಬಲಗಂ'ಗೆ ಮಾಡಿದ್ದನ್ನು ನಮ್ಮ ಗ್ರಾಮ ಪಂಚಾಯಿತಿಗಳು, ಪ್ರೊಜೆಕ್ಟರ್ ಇರುವ ಹೈಸ್ಕೂಲುಗಳು 'ಫೋಟೋ'ಗೆ ಮಾಡಬಹುದು. ತಯಾರಕರಿಂದ ಅನುಮತಿ ಪಡೆದು ಶಾಲೆಯ ಬಯಲಿನಲ್ಲಿ ಒಂದು ಸಂಜೆ ತೋರಿಸಲಿ, ಮುಗಿದ ಮೇಲೆ ಅರ್ಧ ಗಂಟೆ ಜನರಿಗೆ ಮಾತಾಡಲು ಬಿಡಲಿ, ಆಡಿದ್ದನ್ನು ಹತ್ತನೆಯ ತರಗತಿಯ ಮಕ್ಕಳು ಬರೆದುಕೊಳ್ಳಲಿ.